ನೆಪ್ಚೂನ್ ಫೋಟೋಗೂ ಎಡಿಟಿಂಗ್ ಆಗಿತ್ತು!

ಸ್ಕೂಲ್ ಗೋಡೆಯ ಸೌರಮಂಡಲದ ಚಾರ್ಟ್‌ನಲ್ಲಿ ಕಟ್ಟಕಡೆಗೆ ಇರ್ತಿದ್ದ ನೆಪ್ಚೂನ್ ನೆನಪಿದೆಯಾ? ಇಂಕ್ ಬಾಟಲಿಗೆ ಅದ್ದಿ ತೆಗೆದಂಥ ಕಡು ನೀಲಿ. ಪಕ್ಕದಲ್ಲಿ ಸಪ್ಪೆ ತಿಳಿಹಸಿರಿನ ಯುರೇನಸ್. ನಿಜ ಹೇಳಬೇಕೆಂದರೆ ಇವೆರಡರ ಬಣ್ಣದಲ್ಲಿ ಅಷ್ಟೊಂದು ವ್ಯತ್ಯಾಸವೇ ಇಲ್ಲ. ಎರಡರ ವಾತಾವರಣದಲ್ಲೂ ಇರುವ ಮೀಥೇನ್ ಬಿಸಿಲಿನ ಕೆಂಪನ್ನು ನುಂಗಿಬಿಡುತ್ತದೆ. ಹಾಗಾಗಿ ಎರಡೂ ತಿಳಿ ನೀಲಿ-ಹಸಿರು. ನೆಪ್ಚೂನ್‌ಗೆ ನೀಲಿ ಒಂದು ಚೂರು ಜಾಸ್ತಿ, ಅಷ್ಟೇ.

ಎಡವಟ್ಟಾಗಿದ್ದು ಫೋಟೋದಿಂದ. 1989ರ ಆಗಸ್ಟ್‌ನಲ್ಲಿ ನಾಸಾದ ವಾಯೇಜರ್ 2 ನೌಕೆ ನೆಪ್ಚೂನ್ ಪಕ್ಕದಲ್ಲಿ ಹಾದುಹೋಯಿತು. ಬೇರೆ ಬೇರೆ ಫಿಲ್ಟರ್ ಹಾಕಿ ತೆಗೆದ ಚಿತ್ರಗಳನ್ನು ಜೋಡಿಸಿ ಬಣ್ಣದ ಚಿತ್ರ ಮಾಡಿದ್ದರು. ಮೋಡಗಳು ಎದ್ದು ಕಾಣಲಿ ಅಂತ ಕಾಂಟ್ರಾಸ್ಟ್ ಏರಿಸಿದರು, ಜತೆಗೇ ನೀಲಿಯೂ ಏರಿತು. ಬಣ್ಣ ಹೆಚ್ಚಿಸಿದ್ದೇವೆ ಅಂತ ವಿಜ್ಞಾನಿಗಳು ಆಗಲೇ ಹೇಳಿದ್ದರು, ಪಾಪ. ಆದರೆ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಆಗುವ ಹಾಗೆ ಫೋಟೋ ಮಾತ್ರ ಉಳಿದು, ಕೆಳಗಿನ ವಿವರಣೆ ಉದುರಿಹೋಯಿತು. 2024ರ ಜನವರಿಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಅರ್ವಿನ್ ಅವರ ತಂಡ, ಹಬಲ್ ಮತ್ತು ಚಿಲಿ ದೇಶದಲ್ಲಿರುವ ದೊಡ್ಡ ದೂರದರ್ಶಕದ ಮಾಹಿತಿ ಇಟ್ಟುಕೊಂಡು ಆ ಬಣ್ಣವನ್ನು ತಿದ್ದಿತು.

ಅನುಮಾನ ಬಂದರೆ ಇನ್ನೊಂದು ಸಲ ಹೋಗಿ ನೋಡೋಣ ಅನ್ನುವ ಹಾಗೂ ಇಲ್ಲ. ಈ ಎರಡು ಗ್ರಹಗಳ ಹತ್ತಿರ ಇದುವರೆಗೆ ಹೋಗಿರುವುದು ವಾಯೇಜರ್ 2 ಒಂದೇ. ಅದೂ ಒಂದೊಂದೇ ಸಲ, ನಿಲ್ಲದೆ.

ಯುರೇನಸ್‌ನದು ಇನ್ನೊಂದು ಕಥೆ. 1986ರ ಜನವರಿ 24ರಂದು ನೌಕೆ ಅದರ ಸಮೀಪ ಹೋದಾಗ, ಗ್ರಹದ ಕಾಂತೀಯ ಕವಚದೊಳಗೆ ಇರಬೇಕಿದ್ದ ವಿದ್ಯುತ್ ಕಣಗಳೇ ಹೆಚ್ಚುಕಡಿಮೆ ಖಾಲಿ! ಇದೆಂಥ ವಿಚಿತ್ರ ಗ್ರಹ ಅಂತ ದಶಕಗಟ್ಟಲೆ ತಲೆ ಕೆಡಿಸಿಕೊಂಡಿದ್ದಾಯಿತು. 2024ರ ನವೆಂಬರ್‌ನಲ್ಲಿ ಹಳೇ ದತ್ತಾಂಶವನ್ನು ಮತ್ತೆ ಕೆದಕಿದಾಗ ಗೊತ್ತಾಗಿದ್ದು, ನೌಕೆ ತಲುಪುವ ಸ್ವಲ್ಪ ಮುಂಚೆ ಜೋರಾದ ಸೌರಮಾರುತವೊಂದು ಬಡಿದು ಆ ಕವಚವನ್ನು ಹಿಂಡಿತ್ತು ಅಂತ. ಅಂಥ ಸ್ಥಿತಿ ಅಲ್ಲಿ ಇರುವುದೇ ಶೇ. 4ರಷ್ಟು ಸಮಯ. ಮದುವೆ ಮನೆಯ ಗಲಾಟೆಯಲ್ಲಿ ಒಂದು ಗಂಟೆ ಕೂತು, ಈ ಮನೆಯವರು ದಿನವೂ ಹೀಗೇ ಅಂದುಕೊಂಡ ಹಾಗಾಯಿತು.

ಹಾಗಂತ ಹೋಗಿ ನೋಡಿದರಷ್ಟೇ ತಿಳಿಯುತ್ತೆ ಅಂತಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾಯುವಾಗ, ಮರೆಯಾಗುವ ಮೊದಲೇ ನಕ್ಷತ್ರದ ಬೆಳಕು ಕುಗ್ಗಿ ಕುಗ್ಗಿ ಬಂತು. ಅಡ್ಡ ಬಂದದ್ದು ಯಾರಿಗೂ ಗೊತ್ತಿಲ್ಲದ ಉಂಗುರಗಳು! ವಿಮಾನದಲ್ಲಿದ್ದ ಅಮೆರಿಕದ ತಂಡದ ಹಾಗೇ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರೂ ತಮಿಳುನಾಡಿನ ಕಾವಲೂರಿನಿಂದ ಅದನ್ನು ದಾಖಲಿಸಿದ್ದರು.

ಆದರೂ ಒಳಗೇನಿದೆ ಅಂತ ತಿಳಿಯಲು ಹೋಗಲೇಬೇಕು. ಯುರೇನಸ್ ಸುತ್ತ ತಿರುಗುವ ನೌಕೆಯೊಂದನ್ನು ಕಳಿಸಬೇಕೆಂದು 2022ರಲ್ಲಿ ಅಮೆರಿಕದ ವಿಜ್ಞಾನಿಗಳ ಸಮಿತಿ ಶಿಫಾರಸು ಮಾಡಿದೆ. ದಾರಿಗೇ ಹನ್ನೆರಡು ವರ್ಷದ ಮೇಲೆ ಬೇಕು. ಈಗಷ್ಟೇ ಕೆಲಸಕ್ಕೆ ಸೇರಿದವರು ಅದರ ಮೊದಲ ಫೋಟೋ ನೋಡುವ ಹೊತ್ತಿಗೆ ಮಕ್ಕಳ ಕಾಲೇಜ್ ಫೀಸ್ ಕಟ್ತಾ ಇರ್ತಾರೆ.