ನಾಲ್ಕಕ್ಷರದ ಊರು, ಎಂಟು ಕೀಲಿಯ ಪಾಠ

ಕನ್ನಡಕ್ಕಾಗಿ ಆ್ಯಪ್ ಕಟ್ಟುವವರು ಮೊದಲು ಎರಡು ಊರುಗಳ ಹೆಸರು ಬರೆದು ನೋಡಬೇಕು: ಶಿವಮೊಗ್ಗ, ಭದ್ರಾವತಿ. ಓದುವ ಕಣ್ಣಿಗೆ ಎರಡರಲ್ಲೂ ನಾಲ್ಕೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ತಲಾ ಎಂಟು ಸಂಕೇತ. ಗುಣಿತದ ಚಿಹ್ನೆ, ಒತ್ತು ಮೂಡಿಸುವ ಹಲಂತ ಎಲ್ಲವೂ ಅಲ್ಲಿ ಬಿಡಿಬಿಡಿ. ಈ ಅಂತರದ ಹೊರೆಯನ್ನು ಬಳಸುವವರಿಗೆ ದಾಟಿಸದೆ ತಾನೇ ಹೊರುವುದು ಡೆವಲಪರನ ಮೊದಲ ಕರ್ತವ್ಯ.

ಅದನ್ನು ಅಚ್ಚುಕಟ್ಟಾಗಿ ನಿಭಾಯಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್. ಇಂಗ್ಲಿಷ್ ಕೀಲಿಮಣೆಯನ್ನೇ ಇಟ್ಟುಕೊಂಡು, 'ಬಿ' ಒತ್ತಿದರೆ ಬ, ಶಿಫ್ಟ್ ಹಿಡಿದು ಒತ್ತಿದರೆ ಭ ಬರುವಂತೆ ಅವರು ವಿನ್ಯಾಸ ರೂಪಿಸಿದರು. ಒತ್ತಕ್ಷರಗಳಿಗೆಲ್ಲ 'ಎಫ್' ಕೀಲಿಯೊಂದೇ ಸಾಕು. ಎಂಟು ಕೀಲಿ ಒತ್ತುವಷ್ಟರಲ್ಲಿ ಭದ್ರಾವತಿ ಸಿದ್ಧ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಈ ವಿನ್ಯಾಸವನ್ನು ಸರ್ಕಾರಿ ಕಚೇರಿಗಳ ಮೇಜಿಗೆ ತಂದಿತು.

1998ರಲ್ಲಿ ಶೇಷಾದ್ರಿವಾಸು ಬಿಡುಗಡೆ ಮಾಡಿದ 'ಬರಹ' ಬೇರೆ ದಾರಿ ಹಿಡಿಯಿತು. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಂತೆಯೇ ಒತ್ತುತ್ತ ಹೋದರೆ ಕನ್ನಡ ಮೂಡುತ್ತದೆ. ಇಲ್ಲಿ ಭದ್ರಾವತಿಗೆ ಹತ್ತು ಕೀಲಿ ಬೇಕು, ಆದರೆ ಹೊಸದಾಗಿ ಕಲಿಯುವುದು ಬಹಳ ಕಡಿಮೆ. ದಿನವಿಡೀ ಟೈಪು ಮಾಡುವ ಡಿಟಿಪಿಯವರಿಗೆ ಕೀಲಿ ಉಳಿದರೆ ಲಾಭ. ಅಪರೂಪಕ್ಕೆ ಬರೆಯುವವರಿಗೆ ಕಲಿಕೆ ಉಳಿದರೆ ಲಾಭ. ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬುದು ತಿಳಿಯದೆ ಯಾವುದು ಮೇಲು ಎಂದು ಹೇಳಲಾಗದು.

ಇನ್ನು ಅಂದದ ಮಾತು. ಇಂಗ್ಲಿಷಿಗೆ ಹೊಂದುವ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಕೊಟ್ಟರೆ ಶಿವಮೊಗ್ಗದ ಗ ಒತ್ತು ಕೆಳಗಿನಿಂದ ಕತ್ತರಿಸಿಹೋಗುತ್ತದೆ. ಬಟನ್ನಿಗೆ ಎಷ್ಟು ಚೆಂದದ ಬಣ್ಣ ಬಳಿದರೂ ಒತ್ತು ಕತ್ತರಿಸಿದ ಪದ ಚೆಂದ ಕಾಣದು. ಅಕ್ಷರದ ಕೆಳಗೆ ಜಾಗ ಬಿಡುವುದು ಕನ್ನಡದ ಮಟ್ಟಿಗೆ ಅಲಂಕಾರವಲ್ಲ, ಓದುಗರಿಗೆ ತೋರುವ ಮರ್ಯಾದೆ.

ಹುಡುಕಾಟವೂ ಒಂದು ಪರೀಕ್ಷೆ. 2014ರ ನವೆಂಬರ್ 1ರಂದು ಶಿಮೊಗ ಅಧಿಕೃತವಾಗಿ ಇಂಗ್ಲಿಷಿನಲ್ಲೂ ಶಿವಮೊಗ್ಗವಾಯಿತು. ಶಿವಮೊಗ್ಗ ಟೌನ್ ರೈಲು ನಿಲ್ದಾಣದ ಸಂಕೇತ ಮಾತ್ರ ಇಂದಿಗೂ 'ಎಸ್‌ಎಂಇಟಿ'. ಹಳೆಯ ಹೆಸರು, ಹೊಸ ಹೆಸರು, ಕನ್ನಡ ಲಿಪಿ, ಹೇಗೆ ಹುಡುಕಿದರೂ ಊರು ಸಿಗಬೇಕು. ಕಾಗುಣಿತ ತಪ್ಪಿತೆಂದು ಪ್ರಯಾಣಿಕರನ್ನು ವಾಪಸು ಕಳಿಸುವ ಆ್ಯಪ್ ಯಾರಿಗೂ ಬೇಡ.

ಬಳಸುವವರನ್ನು ಮುಂದಿಟ್ಟುಕೊಂಡ ವಿನ್ಯಾಸಕ್ಕೆ ಇವೆಲ್ಲಕ್ಕಿಂತ ದೊಡ್ಡ ಉದಾಹರಣೆ 'ಭೂಮಿ'. ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೇರಿಸಿದ ಈ ಯೋಜನೆ ಈ ಶತಮಾನದ ಆರಂಭದಲ್ಲಿ ಶಿವಮೊಗ್ಗ, ಭದ್ರಾವತಿಯೂ ಸೇರಿ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿತು. ರೈತರು 15 ರೂಪಾಯಿ ಕೊಟ್ಟು ಕೌಂಟರಿನಲ್ಲೇ ಪಹಣಿ ಪಡೆಯುವಂತಾಯಿತು. ಅದರ ವಿನ್ಯಾಸದಲ್ಲಿ ಎರಡು ತೀರ್ಮಾನಗಳು ಗಮನಾರ್ಹ. ಕೌಂಟರಿನಲ್ಲಿ ರೈತರತ್ತ ಮುಖ ಮಾಡಿದ ಇನ್ನೊಂದು ಪರದೆ ಇಟ್ಟು, ಸಿಬ್ಬಂದಿ ಮಾಡುತ್ತಿರುವ ಕೆಲಸ ಅವರಿಗೂ ಕಾಣುವಂತೆ ಮಾಡಲಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಹೆಣೆಯಲಾಯಿತು. ಮೊದಲು ಬಂದ ಅರ್ಜಿಯನ್ನು ಬದಿಗಿಟ್ಟು ಬೇಕಾದವರ ಕಡತ ಎತ್ತಿಕೊಳ್ಳುವುದು ಇದರಿಂದ ಕಷ್ಟವಾಯಿತು.