ಒತ್ತು ಕೂರಿಸುವ ಕೈ

ಶಿವಮೊಗ್ಗದ ಬಿ.ಎಚ್. ರಸ್ತೆ ಪಕ್ಕ ಒಂದೇ ಶಟರಿನ ರೇಡಿಯಂ ಅಂಗಡಿ. ಗೋಡೆಗೆ ಒರಗಿದ ಬಣ್ಣಬಣ್ಣದ ರೋಲುಗಳು. ಮೂಲೆಯಲ್ಲಿ ಕಿರ್ರೆನ್ನುತ್ತ ಅಕ್ಷರ ಕೊರೆಯುವ ಪ್ಲಾಟರ್. ಯಂತ್ರದ ಪಾಲು ಅಲ್ಲಿಗೆ ಮುಗಿಯಿತು. ಹಾಳೆ ಈಚೆ ಬಂದ ಮೇಲೆ ಎಲ್ಲವೂ ಮೇಜಿನ ಮೇಲಿನ ಡಬ್ಬಿಯ ಪಾಲು: ಕಟ್ಟರ್, ಚಿಮುಟ, ಗುಂಡುಸೂಜಿ, ಅಂಚಿಗೆ ಫೆಲ್ಟ್ ಅಂಟಿಸಿದ ಸ್ಕ್ವೀಜಿ, ಅವಧಿ ಮುಗಿದ ಎಟಿಎಂ ಕಾರ್ಡು.

ಹುಡುಗ ‘ಶಿವಮೊಗ್ಗ’ ಬಿಡಿಸುತ್ತಿದ್ದಾನೆ. ಬೇಡದ ವಿನೈಲನ್ನು ಚಿಮುಟದಲ್ಲಿ ಹಿಡಿದು ಕೀಳುವ ಕೆಲಸ. ‘ವ’ದ ಹೊಟ್ಟೆಯೊಳಗಿನದನ್ನು ಬೇರೆಯಾಗಿಯೇ ತೆಗೆಯಬೇಕು. ‘ಗ್ಗ’ ಬಂದಾಗ ಅವನ ಉಸಿರೇ ನಿಧಾನವಾಗುತ್ತದೆ. ಕೆಳಗಿನ ಒತ್ತು ಮೇಲಿನ ಅಕ್ಷರಕ್ಕೆ ತಾಗದ ಬಿಡಿ ಚೂರು. ಹಾಳೆಯನ್ನು ಮೇಲಕ್ಕೆ ಎತ್ತಿ ಎಳೆದರೆ ಕಸದ ಜತೆ ಅದೂ ಹೋಯಿತು. ಹಿಂದಕ್ಕೆ ಮಡಚಿ, ತಳಕ್ಕೆ ಒರಗಿಸಿಕೊಂಡೇ ಎಳೆಯುತ್ತಾನೆ. ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದವರು ಈ ಒತ್ತುಗಳ ಲೆಕ್ಕ ಹಾಕಿರಲಾರರು.

ಬಿಡಿಸಿದ ಅಕ್ಷರಗಳ ಮೇಲೆ ಟ್ರಾನ್ಸ್‌ಫರ್ ಟೇಪು. ಒತ್ತು ತನ್ನ ಅಕ್ಷರದ ಕೆಳಗೇ ಉಳಿಯುವುದು ಈ ಟೇಪಿನ ಹಿಡಿತದಿಂದ. ಅಂಚು ಕತ್ತರಿಸುವಾಗ ಹುಡುಗ ಕಟ್ಟರಿನ ತುದಿ ಚಟ್ಟನೆ ಮುರಿದು ಹೊಸ ಮೊನೆ ಮಾಡಿಕೊಂಡ. ಹೀಗೆ ಮುರಿಯುವ ಬ್ಲೇಡು 1956ರಲ್ಲಿ ಜಪಾನಿನ ಯೋಶಿಯೋ ಒಕಾಡಾಗೆ ಹೊಳೆದದ್ದು. ಒಡೆದ ಗಾಜಿನ ಅಂಚು, ಚಾಕೊಲೇಟಿನ ಗೆರೆ ಎರಡೂ ಸೇರಿ ಹುಟ್ಟಿದ ಉಪಾಯವಂತೆ. ನಮ್ಮವರಿಗೆ ಮೊಂಡಾದರೂ ಮುರಿಯಲು ಮನಸ್ಸಿಲ್ಲ. ಮೊಂಡು ಮೊನೆ ವಿನೈಲನ್ನು ಕೊಯ್ಯುವುದಿಲ್ಲ, ಎಳೆದು ಹರಿಯುತ್ತದೆ.

ಗಾಂಧಿ ಬಜಾರಿನ ಅಂಗಡಿಯೊಂದರ ಗಾಜಿಗೆ ಇದನ್ನು ಅಂಟಿಸಬೇಕು. ಗಾಜು ಒರೆಸಿ, ಒಂದೆರಡು ಹನಿ ಶಾಂಪೂ ಬೆರೆಸಿದ ನೀರು ಸಿಂಪಡಿಸಿದರೆ ಅಕ್ಷರ ತೇಲುತ್ತದೆ. ಅತ್ತಿತ್ತ ಸರಿಸಿ ನೇರ ಮಾಡಿಕೊಳ್ಳಬಹುದು. ಆಮೇಲೆ ಸ್ಕ್ವೀಜಿ. ಓರೆಯಾಗಿ ಹಿಡಿದು ನಡುವಿನಿಂದ ಅಂಚಿಗೆ, ಒಂದು ಎಳೆತದ ಮೇಲೆ ಅರ್ಧ ಬರುವಂತೆ ಇನ್ನೊಂದು. ಎಟಿಎಂ ಕಾರ್ಡು ಅವಸರಕ್ಕೆ ಆದೀತು, ಆದರೆ ಅದರ ಅಂಚು ಹೊಳಪಿನ ಮೇಲೆ ಗೀರು ಬಿಡುತ್ತದೆ. ಅದನ್ನೇ ನೆಚ್ಚಿಕೊಂಡವರ ಕೆಲಸ ಬಿಸಿಲಿಗೆ ಹಿಡಿದಾಗ ಬಯಲಾಗುತ್ತದೆ.

ಭದ್ರಾವತಿಯ ಇಂಥದೇ ಅಂಗಡಿಯವರದು ಬೇರೆಯದೇ ಪಾಠ. ಲಗೇಜ್ ಆಟೋದ ಬಾಗಿಲಿಗೆ ‘ಭದ್ರಾವತಿ’ ಅಂಟಿಸಬೇಕು, ತಗಡಿನಲ್ಲಿ ಉದ್ದಕ್ಕೂ ಉಬ್ಬು. ಜಿಟಿಜಿಟಿ ಮಳೆಗೆ ತಗಡು ತಣ್ಣಗಾಗಿದೆ, ಅಂಟು ಹಿಡಿಯದು. ಇಲ್ಲಿ ಸೋಪು ನೀರಿಲ್ಲ, ಹೀಟ್ ಗನ್. 1923ರಲ್ಲೇ ಕುಲುಮೆ ಹೊತ್ತಿಸಿದ ಕಬ್ಬಿಣದ ಊರಿಗೆ ಬಿಸಿಯ ಹದ ಹೇಳಿಕೊಡಬೇಕಿಲ್ಲ; ತಗಡಿಗೆ ಅಂಗೈ ಇಟ್ಟು ನೋಡಿ, ಉಗುರು ಬೆಚ್ಚಗಾದ ಮೇಲೆ ಅಂಟಿಸುತ್ತಾರೆ. ‘ಭ’ದ ಕಾಲಿನ ಸೀಳು ಉಬ್ಬಿನ ಮೇಲೇ ಬಂದಿದೆ. ಅಲ್ಲಿ ಸ್ಕ್ವೀಜಿ ಬಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಸಿಕ್ಕಿಕೊಂಡ ಗುಳ್ಳೆಯ ಅಂಚಿಗೆ ಸೂಜಿ ಚುಚ್ಚಿ ಗಾಳಿ ಹೊರಡಿಸಿದರು. ಬ್ಲೇಡಿನಿಂದ ಸೀಳಿದರೆ ಗಾಯ ಮುಂದೆ ಅಗಲವಾಗುತ್ತದೆ. ಟೇಪನ್ನು ತಗಡಿಗೆ ಒರಗಿಸಿ ಹಿಂದಕ್ಕೆ ಸುಲಿದಾಗ ‘ದ್ರಾ’ದ ಒತ್ತು ಜಾಗದಲ್ಲೇ ಕೂತಿತ್ತು.

“ಎರಡು ದಿನ ವಾಟರ್ ಸರ್ವಿಸ್ ಮಾಡಿಸ್ಬೇಡ ಮಾರಾಯ.”

“ಮಳೆ ಬರ್ತಾನೇ ಇದೆಯಲ್ಲಣ್ಣ?”

“ಮಳೆ ಬಂದ್ರೆ ಬರ್ಲಿ. ಪೈಪಿನ ಪ್ರೆಶರ್ ಮಾತ್ರ ಬೇಡ.”