ಪುಟ್ಟ ಕೈ ತೋರಿಸುವ ಜಾಗ

“ಎಲ್ಲಿ ನೋವು ಪುಟ್ಟಾ?” ಎಂದರೆ ಐದು ವರ್ಷದ ಮಗು ಇಡೀ ಅಂಗೈಯನ್ನು ಹೊಕ್ಕುಳ ಮೇಲಿಡುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಅಮ್ಮ ಓಮದ ನೀರು ಕುಡಿಸುತ್ತಾರೆ. ಬಹಳಷ್ಟು ಸಲ ಸಂಜೆಯೊಳಗೆ ಮಗು ಆಟಕ್ಕೆ ಓಡುತ್ತದೆ. ಹಾಗೆಂದು ಎಲ್ಲ ಹೊಟ್ಟೆನೋವೂ ಒಂದೇ ಅಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆ್ಯಪ್ಲಿ 1950ರ ದಶಕದಲ್ಲಿ 1000 ಶಾಲಾ ಮಕ್ಕಳನ್ನು ಅಧ್ಯಯನ ಮಾಡಿದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಪದೇಪದೇ ಹೊಟ್ಟೆನೋವು ಬರುತ್ತಿತ್ತು. ಹೆಚ್ಚಿನವರಲ್ಲಿ ಅಂಗಾಂಗದ ಕಾಯಿಲೆ ಇರಲಿಲ್ಲ. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಕಾಯಿಲೆಯ ಅನುಮಾನ ಹೆಚ್ಚಬೇಕು ಎಂಬ ಅವರ ಮಾತನ್ನು ವೈದ್ಯರು ಇಂದಿಗೂ ನೆನೆಯುತ್ತಾರೆ. ಕಾಯಿಲೆ ಸಿಗಲಿಲ್ಲವೆಂದರೆ ಮಗು ನಾಟಕ ಮಾಡುತ್ತಿದೆ ಎಂದಲ್ಲ. ಮಲಬದ್ಧತೆ, ಶಾಲೆಯ ಭಯ, ಮನೆಯ ಜಗಳ ತರುವ ನೋವೂ ನಿಜವಾದ ನೋವೇ.

ಆದರೆ ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸ್‌ನ ಉರಿಯೂತದ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತಲೇ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯುತ್ತದೆ. ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ, ಮೈ ಬೆಚ್ಚಗಾಗುತ್ತದೆ. ಆಗ ವೈದ್ಯರು, “ಕುಂಟೆಬಿಲ್ಲೆ ಆಡುವ ಹಾಗೆ ಒಂಟಿಕಾಲಲ್ಲಿ ಕುಪ್ಪಳಿಸು ನೋಡೋಣ” ಎನ್ನುತ್ತಾರೆ. ಒಂದು ಹೆಜ್ಜೆಗೇ ಮಗು ಹೊಟ್ಟೆ ಹಿಡಿದು ಬಾಗಿದರೆ ಒಳಗೆ ಉರಿಯೂತವಿರಬಹುದು. ಐದು ವರ್ಷದೊಳಗಿನವರಲ್ಲಿ ಲಕ್ಷಣ ಸ್ಪಷ್ಟವಿರದೆ, ಗೊತ್ತಾಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿರುವುದೂ ಉಂಟು.

ಹಸುಗೂಸಿಗೆ ಕೈ ತೋರಿಸುವುದೂ ಬಾರದು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ನುಗ್ಗಿದಾಗ ಕೂಸು ಕಾಲು ಮಡಚಿ ಚೀರುತ್ತದೆ, ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಚೀರುತ್ತದೆ. ರಕ್ತ, ಲೋಳೆ ಬೆರೆತ ಮಲ ಬರುವವರೆಗೆ ಕಾಯಬಾರದು. ಬೇಗ ತಲುಪಿದರೆ ಅನೇಕ ಸಲ ಶಸ್ತ್ರಚಿಕಿತ್ಸೆಯಿಲ್ಲದೆ, ಗುದದ್ವಾರದಿಂದ ಗಾಳಿ ಹಾಯಿಸಿಯೇ ಕರುಳನ್ನು ಸರಿಪಡಿಸಬಹುದು.

ಕೆಲವೊಮ್ಮೆ ಮೂಲ ಹೊಟ್ಟೆಯಲ್ಲೇ ಇರುವುದಿಲ್ಲ. ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ, ಇನ್ನೂ ಪತ್ತೆಯಾಗದ ಸಕ್ಕರೆ ಕಾಯಿಲೆ ಕೂಡ ಹೊಟ್ಟೆನೋವಾಗಿ ಕಾಣಿಸಿಕೊಳ್ಳುತ್ತವೆ. ವೃಷಣ ತಿರುಚಿಕೊಂಡ ಹುಡುಗ ನಾಚಿಕೆಯಿಂದ “ಹೊಟ್ಟೆನೋವು” ಎಂದಷ್ಟೇ ಹೇಳಿಯಾನು. ಅಲ್ಲಿ ನೋವು ಶುರುವಾದ ಆರು ಗಂಟೆಯೊಳಗಿನ ಚಿಕಿತ್ಸೆಯೇ ಅಂಗವನ್ನು ಉಳಿಸುವುದು.

ಹಸಿರು ವಾಂತಿ, ಮಲದಲ್ಲಿ ರಕ್ತ, ಬಿಗಿದ ಹೊಟ್ಟೆ, ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಕೆ: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಹರಳೆಣ್ಣೆ ಕುಡಿಸಬೇಡಿ, ಕೂಸಿನ ಹೊಟ್ಟೆಗೆ ಬರೆ ಹಾಕಲೇಬೇಡಿ. ನೋವು ಎಷ್ಟು ಹೊತ್ತಿಗೆ, ಎಲ್ಲಿ ಶುರುವಾಗಿ ಎಲ್ಲಿಗೆ ಸರಿಯಿತು ಎಂಬುದನ್ನು ನೆನಪಿಟ್ಟುಕೊಂಡು ಹೋಗಿ. ಮಗು ಹೇಳಲಾರದ್ದನ್ನು ವೈದ್ಯರಿಗೆ ಹೇಳಬೇಕಾದವರು ನೀವೇ.